ಬಲಗೈ ಮೇಲೆ ಹುಯಿಲು

ಪಾಸ್‌ಪೋರ್ಟಿಗೆ ಫೋಟೋ ತೆಗೆಸುವುದು ಹದಿನೆಂಟು ದಿನ ತಡವಾದದ್ದು ಸುಬ್ಬಲಕ್ಷ್ಮಿಯ ಎಡಗಣ್ಣಿನಿಂದ. ಕೊಪ್ಪದ ಸ್ಟುಡಿಯೋದವನು ಕ್ಯಾಮರಾದ ಹಿಂದಿನಿಂದ ತಲೆಯೆತ್ತಿ ನೋಡಿ, "ಅಕ್ಕಾ, ಈ ಊತ ಇಳೀಲಿ, ಆಮೇಲೆ ಬನ್ನಿ. ಹೀಗೇ ತೆಗೆದ್ರೆ ಆಫೀಸಿನೋರು ವಾಪಸ್ ಕಳಿಸ್ತಾರೆ" ಅಂದ. ಹೇಗಾಯಿತು ಎಂದು ಕೇಳಲಿಲ್ಲ. ಕೊಪ್ಪದಲ್ಲಿ ಯಾರೂ ಕೇಳುತ್ತಿರಲಿಲ್ಲ. ಸಚ್ಚಿದಾನಂದ ಭಟ್ಟರ ಔಷಧಿ ಅಂಗಡಿಯಿಂದಲೇ ಅರ್ಧ ತಾಲೂಕು ತೋಟಕ್ಕೆ ಹೊಡೆಯುವ ಮೈಲುತುತ್ತ ಒಯ್ಯುತ್ತಿತ್ತು. ಅಂಥವರ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳೆಂದರೆ ಜಾರಿಯೇ ಬಿದ್ದಳು.

ಊರಿನವರು ಅವನಿಗೆ ಬಹುವಚನ ಕೊಡುತ್ತಿದ್ದರು. ಈ ಕಥೆ ಕೊಡುವುದಿಲ್ಲ. ಗಲ್ಲಾದ ಮೇಲೆ ಕೂತಾಗ ಅವನಷ್ಟು ನಗುಮೊಗದ ಮನುಷ್ಯ ಇನ್ನೊಬ್ಬನಿಲ್ಲ. ಮನೆಗೆ ಬಂದು ಅಂಗಿ ಕಳಚುವಾಗ ಆ ನಗುವನ್ನೂ ಕಳಚಿ ಅದೇ ಗೂಟಕ್ಕೆ ಸಿಕ್ಕಿಸುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಕಡಿಮೆಯಾದರೆ ಹೊಡೆತ, ಸರಿಯಾಗಿದ್ದರೆ 'ಯಾಕೆ ಮುಖ ಊದಿಸ್ಕೊಂಡಿದೀಯ' ಎಂದು ಹೊಡೆತ. ಬಲಗೈಯ ಬೆರಳಿನಲ್ಲಿ ನವರತ್ನದ ದಪ್ಪ ಉಂಗುರವಿತ್ತು. ಕೆನ್ನೆಗೆ ಬಿದ್ದಾಗ ಮೊದಲು ತಾಗುತ್ತಿದ್ದುದು ಅದು. ಈ ಸಲದ ಕಣ್ಣಿನ ಊತಕ್ಕೆ ಕಾರಣ ಕಂಪನಿಯ ಕಾಗದ. ವರ್ಷದಲ್ಲಿ ಅತಿ ಹೆಚ್ಚು ಔಷಧಿ ಮಾರಿದ ಡೀಲರುಗಳನ್ನು ಕಂಪನಿ ಹೆಂಡತಿ ಸಮೇತ ಗ್ರೀಸ್ ದೇಶದ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗುತ್ತದೆ ಎಂದು ಅದರಲ್ಲಿತ್ತು. 'ಹೆಂಡತಿ ಸಮೇತ' ಎನ್ನುವಲ್ಲಿ ಅವಳಿಗೆ ನಗು ಬಂತು. ನಕ್ಕದ್ದಕ್ಕೆ ಬಿತ್ತು.

ಅವಳ ತವರು ಶೃಂಗೇರಿ. ಅಪ್ಪ ಸಾವಿರಾರು ಜನಕ್ಕೆ ಅಡುಗೆ ಬೇಯಿಸುತ್ತಿದ್ದ ಪಾಕದವರು, ತೀರಿಹೋಗಿ ಹನ್ನೊಂದು ವರ್ಷ ಆಗಿತ್ತು. ಅಮ್ಮನ ಹತ್ತಿರ ಎರಡು ಸಲ ಹೇಳಿ ನೋಡಿದಳು. ಎರಡು ಸಲವೂ ಅಮ್ಮ ಬೆನ್ನಿಗೆ ಎಣ್ಣೆ ತಿಕ್ಕಿ, ಕಣ್ಣೊರೆಸಿ, ಬಸ್ಸು ಹತ್ತಿಸಿ ಕಳಿಸಿದಳು. ಮೂರನೆಯ ಸಲ ಅವಳು ಮನುಷ್ಯರನ್ನು ಬಿಟ್ಟು ದೇವರ ಹತ್ತಿರ ಹೋದಳು.

ಮಲೆನಾಡಿನಲ್ಲಿ ಪೊಲೀಸ್ ಸ್ಟೇಷನ್ನಿಗೆ ಹೋಗದ ದೂರುಗಳು ದೇವರಿಗೆ ಹೋಗುತ್ತವೆ. ಅದಕ್ಕೆ ಹುಯಿಲು ಇಡುವುದು ಎನ್ನುತ್ತಾರೆ. ದೇವರೆದುರು ನಿಂತು ಅನ್ಯಾಯ ಮಾಡಿದವನ ಹೆಸರು, ಊರು ಗಟ್ಟಿಯಾಗಿ ಹೇಳಿ, ಮೈಮೇಲಿನ ಒಂದು ವಸ್ತುವನ್ನು ಬಿಚ್ಚಿಟ್ಟು, ಇನ್ನು ನೀನೇ ನೋಡಿಕೋ ಎಂದು ಹೊರಟುಬರುವುದು. ಆಮೇಲೆ ಹುಯಿಲು ಬಿದ್ದವನಿಗೆ ಜ್ವರ ಬಂದರೂ ಅದೇ ಕಾರಣ, ಹಸು ಸತ್ತರೂ ಅದೇ ಕಾರಣ. ಬಿಡುಗಡೆ ಬೇಕಾದರೆ ಅವನು ಅದೇ ಗುಡಿಗೆ ಬಂದು ತಪ್ಪುಕಾಣಿಕೆ ಇಡಬೇಕು. ಹುಯಿಲಿಟ್ಟವರು ಅಲ್ಲೇ, ಅವನೆದುರಿಗೆ, ತಮ್ಮದೇ ಬಾಯಿಂದ 'ಹಿಂದಕ್ಕೆ ತಗೊಂಡೆ' ಅನ್ನಬೇಕು. ಬೇರೆ ಗುಡಿಯಲ್ಲಿ ಹೇಳಿದರೆ ನಡೆಯುವುದಿಲ್ಲ, ಬೇರೆಯವರು ಹೇಳಿದರೂ ನಡೆಯುವುದಿಲ್ಲ.

ಭಂಡಿಗಡಿಯ ಹತ್ತಿರ ಸಚ್ಚಿದಾನಂದನ ತೋಟದ ಮೇಲ್ತುದಿಯಲ್ಲಿದ್ದ ಚೌಡಿ ಗುಡಿ ಅವನ ಮನೆತನದ್ದೇ. ಬೀಗದ ಕೈ ಅವನ ಜನಿವಾರದಲ್ಲಿ ನೇತಾಡುತ್ತಿತ್ತು. ಒಮ್ಮೆ ಎರಡು ಮೂಟೆ ಅಡಿಕೆ ಕಾಣೆಯಾದಾಗ ಅವನು ತೋಟದಾಳು ಮಾರಪ್ಪನ ಮೇಲೆ ಅಲ್ಲಿ ಹುಯಿಲಿಟ್ಟ. ತಿಂಗಳೊಳಗೆ ಮಾರಪ್ಪ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಮುರಿದ ಕಾಲಿನಲ್ಲೇ ಗುಡಿಗೆ ಮೂರು ಸುತ್ತು ಉರುಳು ಹಾಕಿಸಿ, ಅವನ ಕೂಗನ್ನು ಕಟ್ಟೆಯ ಮೇಲೆ ಕೂತು ಕೇಳಿ, ಆಮೇಲೆ ಸಚ್ಚಿದಾನಂದ ಹುಯಿಲು ಹಿಂದಕ್ಕೆ ತೆಗೆದುಕೊಂಡ. ಕದ್ದವನು ಬೇರೆ ಯಾರೋ ಎಂದು ಮುಂದೆ ಗೊತ್ತಾದರೂ ಅವನ ನಂಬಿಕೆ ಕೂದಲೆಳೆಯಷ್ಟೂ ಅಲುಗಲಿಲ್ಲ. "ಹುಯಿಲು ತಪ್ಪೋದಿಲ್ಲ ಮಾರಾಯ. ಆ ಮಾರಪ್ಪ ಬೇರೆ ಎಂತಾದ್ರೂ ಕದ್ದಿರ್ತಾನೆ" ಅಂದ.

ಅದೇ ಚೌಡಿಯ ಎದುರು ಸುಬ್ಬಲಕ್ಷ್ಮಿ ನಿಂತದ್ದು. ಬಾಗಿಲಿಗೆ ಬೀಗ. ಸರಳಿನ ಹೊರಗಿಂದಲೇ ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅವನು ಬಂದ. "ನನ್ನ ಮನೆ ದೇವ್ರಿಗೇ ನನ್ನ ಮೇಲೆ ದೂರು ಕೊಡ್ತೀಯೇನೆ?" ಎಂದು ಅವಳ ಎಡಗೈಯ ಉಂಗುರದ ಬೆರಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಿದ. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಬೆರಳು ಸೊಟ್ಟಗೆ ಕೂಡಿಕೊಂಡಿತು. ತನಗೆ ಈ ಭೂಮಿಯಲ್ಲಿ ದೂರು ಕೊಡಲು ಒಂದು ಬಾಗಿಲೂ ಇಲ್ಲ ಎಂದು ಅವಳು ಅವತ್ತು ತೀರ್ಮಾನಿಸಿದಳು. ಶಾರದೆಯ ಸನ್ನಿಧಿಗೆ ಹೋಗಬಹುದಿತ್ತು. ಆದರೆ ಅವಳು ವಿದ್ಯೆ ಕೊಡುವ ತಾಯಿ, ಇಂಥ ಹೊಲಸನ್ನು ಅಲ್ಲಿ ಬಾಯಿಬಿಡಲು ನಾಚಿಕೆ.

ಹೀಗಿರುವಾಗ ಎರಡು ಸಾವಿರದ ಏಳರ ಸೆಪ್ಟೆಂಬರಿನಲ್ಲಿ ಇಬ್ಬರೂ ನಾಕ್ಸೋಸ್ ಎಂಬ ದ್ವೀಪಕ್ಕೆ ಹೋಗಿ ಇಳಿದರು. ತಂಡದಲ್ಲಿ ನಲವತ್ತು ಜನ, ಹೆಚ್ಚಿನವರು ಆಂಧ್ರದವರು. ನಮ್ಮ ಕಡೆಯವರೆಂದರೆ ಬಾಳೆಹೊನ್ನೂರಿನ ಡೀಲರ್ ಲಿಂಗಪ್ಪ, ಅವನ ಹೆಂಡತಿ ಸುಮಿತ್ರಮ್ಮ, ಇಷ್ಟೇ. ಹಡಗಿನಿಂದ ಇಳಿಯುತ್ತಿದ್ದಂತೆ ಕಂಡದ್ದು ಗುಡ್ಡದ ತುಂಬ ಸುಣ್ಣ ಬಳಿದ ಮನೆಗಳು, ಕಣ್ಣು ಕುಕ್ಕುವ ಬಿಸಿಲು, ನೀಲಿ ಎಂದರೆ ಇಷ್ಟೂ ನೀಲಿ ಇರಬಹುದೇ ಎನ್ನುವಂಥ ನೀರು. ಸುಬ್ಬಲಕ್ಷ್ಮಿಗೆ ಎಲ್ಲವೂ ಇಷ್ಟವಾಯಿತು. ಇಷ್ಟವಾದದ್ದು ಮುಖದ ಮೇಲೆ ಕಾಣದ ಹಾಗೆ ನೋಡಿಕೊಂಡಳು.

ಆದರೆ ಊಟದ ಮುಂದೆ ಅವಳಿಗೆ ಮುಚ್ಚಿಡಲು ಆಗಲಿಲ್ಲ, ಅಪ್ಪನ ರಕ್ತ. ಮೂರನೆಯ ದಿನ ಮಧ್ಯಾಹ್ನ ಬಂದರಿನ ಹೋಟೆಲಿನಲ್ಲಿ ಸಸ್ಯಾಹಾರಿಗಳ ಮೇಜಿಗೆ ಟೊಮೆಟೊದಲ್ಲಿ ಬೇಯಿಸಿದ ದಪ್ಪ ಬಿಳಿ ಕಾಳು ಬಂತು, ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿ ಬಂತು, ಆಮೇಲೆ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಸಣ್ಣ ಸುರುಳಿಗಳು ಬಂದವು. ಸಚ್ಚಿದಾನಂದ ಪಕ್ಕದ ಮೇಜಿನ ಮೀನಿನ ವಾಸನೆಗೆ ಮೂಗು ಮುಚ್ಚಿ, ಮನೆಯಿಂದ ತಂದ ಅವಲಕ್ಕಿಗೆ ಚಟ್ನಿಪುಡಿ ಕಲಸುತ್ತಿದ್ದ. ಸುಬ್ಬಲಕ್ಷ್ಮಿ ಒಂದು ಸುರುಳಿ ಬಾಯಿಗಿಟ್ಟಳು. ಕಣ್ಣು ಅರಳಿತು.

"ನೋಡಿ ಸುಮಿತ್ರಮ್ಮ, ಇದು ನಮ್ಮ ಪತ್ರೊಡೆಯ ತಂಗಿ! ನಮ್ಮದಕ್ಕೆ ಹುಣಸೆಹುಳಿ, ಇವರು ನಿಂಬೆಹುಳಿ ಹಾಕಿದ್ದಾರೆ. ಅಕ್ಕಿ ಅರೆದಿಲ್ಲ, ಇಡಿಯಾಗೇ ಬೇಯ್ಸಿದ್ದಾರೆ. ಎಲೆನ ಉಪ್ಪುನೀರಲ್ಲಿ ಹಾಕಿಟ್ಟಿರ್ಬೇಕು."

"ಭಟ್ರೇ," ಎಂದು ಲಿಂಗಪ್ಪ ದೊಡ್ಡದಾಗಿ ನಕ್ಕ, "ನಿಮ್ಮನೆಯೋರು ಬಾಯಿ ಬಿಟ್ಟದ್ದು ನಾನು ನೋಡಿದ್ದು ಇವತ್ತೇ ಮಾರಾಯ್ರೆ! ಊರಲ್ಲಿ ಮೂಕಿ ಅಂತ ಮಾಡಿದ್ದೆ."

ಸಚ್ಚಿದಾನಂದ ಕೂಡ ನಕ್ಕ. ಮೂರು ದಿನವಾದರೂ ಅವನಿಗೆ ಫೋರ್ಕಿನಲ್ಲಿ ತಿನ್ನಲು ಬಂದಿರಲಿಲ್ಲ. ಅದರ ಇನ್ನೊಂದು ಉಪಯೋಗ ಮಾತ್ರ ಥಟ್ಟನೆ ಹೊಳೆಯಿತು. ನಗುತ್ತಲೇ ಮೇಜಿನ ಕೆಳಗೆ ಅದನ್ನು ಅವಳ ತೊಡೆಗೆ ಚುಚ್ಚಿ, ಸೀರೆಯನ್ನೂ ಲಂಗವನ್ನೂ ದಾಟಿ ಮಾಂಸಕ್ಕಿಳಿಯುವ ತನಕ ಒತ್ತಿ ಹಿಡಿದ. ಲಿಂಗಪ್ಪನ ಜೊತೆ ಮಾತು ನಿಲ್ಲಿಸಲಿಲ್ಲ. ಸುಬ್ಬಲಕ್ಷ್ಮಿ ಬಾಯೊಳಗಿನ ತುತ್ತನ್ನು ಹಾಗೇ ಇಟ್ಟುಕೊಂಡು ಕೂತಳು. ಅವನು ಕೈ ತೆಗೆದಾಗ ತೊಡೆಯ ಮೇಲೆ ಸೀರೆ ನಾಲ್ಕು ಕಡೆ ಒದ್ದೆಯಾಯಿತು. ಸುಮಿತ್ರಮ್ಮನ ಕರವಸ್ತ್ರ ಕೆಳಗೆ ಬಿದ್ದಿತ್ತು. ಹೆಕ್ಕಲು ಬಗ್ಗಿದ ಸುಮಿತ್ರಮ್ಮ ಮೇಲೆದ್ದು ಬಂದಾಗ ಅವಳ ಮುಖ ಬಿಳಿಚಿತ್ತು.

ಊಟವಾದ ಮೇಲೆ ಗೈಡ್ ಎಲ್ಲರನ್ನೂ ದಡದ ಬಂಡೆಗಳ ಹತ್ತಿರ ಕರೆದೊಯ್ದಳು. ಅಲ್ಲೊಬ್ಬ ಬೆಸ್ತ ಸತ್ತ ಆಕ್ಟೋಪಸ್ಸನ್ನು ತಲೆ ಹಿಡಿದೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದ. ಎತ್ತುವುದು, ಬೀಸುವುದು, ಬಡಿಯುವುದು. ಎಂಟು ಕಾಲುಗಳೂ ಪ್ರತಿಸಲ ಬಂಡೆಗೆ ಛಟಾರೆಂದು ಅಂಟಿ ಬಿಡುತ್ತಿದ್ದವು. ಕಲ್ಲಿನ ಮೇಲೆ ಬೂದು ನೊರೆ ಹರಿಯುತ್ತಿತ್ತು. ಹಾಗೇ ಬೇಯಿಸಿದರೆ ರಬ್ಬರಿನ ಹಾಗಿರುತ್ತದಂತೆ, ನಲವತ್ತು ಸಲ ಬಡಿದರೆ ಮೆತ್ತಗಾಗುತ್ತದಂತೆ. ಗೈಡ್ ಹೇಳಿದ್ದನ್ನು ಲಿಂಗಪ್ಪ ಕನ್ನಡದಲ್ಲಿ ಹೇಳಿದ.

"ನಲವತ್ತೇ?" ಅಂದ ಸಚ್ಚಿದಾನಂದ. "ಕೆಲವೊಂದಕ್ಕೆ ಹತ್ತೊಂಬತ್ತು ವರ್ಷ ಬೇಕಾಗ್ತದೆ."

ಗಂಡಸರು ನಕ್ಕರು. ಸುಬ್ಬಲಕ್ಷ್ಮಿ ನಲವತ್ತರ ತನಕವೂ ನಿಂತು ನೋಡಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಹೆದರಿಕೆ ಬಿಟ್ಟು ಬೇರೆಯದೊಂದು ಮೈಯಲ್ಲಿ ಎದ್ದದ್ದು ಅದೇ ಮೊದಲು. ಏನು ಮಾಡಬೇಕೆಂದು ತಿಳಿಯದೆ ಅದನ್ನು ರೂಮಿನ ತನಕ ಹಾಗೇ ಹೊತ್ತುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಬಸ್ಸು ಗುಡ್ಡದ ಮೇಲಿನ ಒಂದು ಹಳ್ಳಿಗೆ ಹತ್ತಿತು. ತಂಡದವರೆಲ್ಲ ಚೀಸ್ ಮಾಡುವುದನ್ನು ನೋಡಲು ಒಂದು ಅಂಗಡಿಯೊಳಗೆ ನುಗ್ಗಿದರು. ಹೊರಗೆ ನಿಂತಿದ್ದ ಸುಬ್ಬಲಕ್ಷ್ಮಿಗೆ ಓಣಿಯ ಕೊನೆಯಲ್ಲಿ ಒಂದು ಚರ್ಚು ಕಾಣಿಸಿತು. ಚರ್ಚೆಂದರೆ ನಮ್ಮ ಕಡೆಯದರಂತೆ ಎತ್ತರದ್ದಲ್ಲ. ದನದ ಕೊಟ್ಟಿಗೆಯಷ್ಟು ದೊಡ್ಡದು, ಮೇಲೊಂದು ಗುಮ್ಮಟ, ಬಾಗಿಲು ಹಾರುಹೊಡೆದಿತ್ತು. ಅವಳು ಮೊದಲು ನೋಡಿದ್ದೇ ಆ ಬಾಗಿಲನ್ನು. ಚಿಲಕದಲ್ಲಿ ಬೀಗವಿರಲಿಲ್ಲ.

ಒಳಗೆ ಹೋದಳು. ಕಪ್ಪು ಬಟ್ಟೆಯ ಒಬ್ಬಳು ಮುದುಕಿ ಗುಡಿಸುತ್ತಿದ್ದಳು. ಮರಳು ತುಂಬಿದ ಹರಿವಾಣದಲ್ಲಿ ಮೇಣದ ಬತ್ತಿಗಳು ಉರಿಯುತ್ತಿದ್ದವು. ಎದುರಿಗೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯ ಪಟ, ಮುಖ ಬಿಟ್ಟು ಉಳಿದದ್ದಕ್ಕೆಲ್ಲ ಬೆಳ್ಳಿಯ ಕವಚ. ಪಟದ ಕೆಳಗೆ ದಾರಕ್ಕೆ ಪೋಣಿಸಿ ತೂಗುಹಾಕಿದ್ದ ಬೆಳ್ಳಿಯ ತಗಡುಗಳನ್ನು ನೋಡಿ ಅವಳು ನಿಂತುಬಿಟ್ಟಳು. ಒಂದರಲ್ಲಿ ಕಣ್ಣು, ಒಂದರಲ್ಲಿ ಕಾಲು, ಒಂದರಲ್ಲಿ ತೊಟ್ಟಿಲ ಕೂಸು, ಸಾಲಾಗಿ ಐದಾರು ಕೈಗಳು. ಯಾರೂ ವಿವರಿಸಬೇಕಾಗಿರಲಿಲ್ಲ. ಊರಲ್ಲಿ ಕಣ್ಣುಬೇನೆ ವಾಸಿಯಾದರೆ ಬೆಳ್ಳಿಯ ಕಣ್ಣು ಒಪ್ಪಿಸುತ್ತಾರಲ್ಲ, ಇದು ಅದೇ. ಈ ತಾಯಿ ಹರಕೆ ತೆಗೆದುಕೊಳ್ಳುತ್ತಾಳೆ. ಕೈ ವಾಸಿ ಮಾಡಲು ಬಲ್ಲವಳಿಗೆ ಕೈ ಬೀಳಿಸಲು ಬಾರದೆ ಇರುತ್ತದೆಯೆ? ಇವಳ ಬಾಗಿಲಿನ ಬೀಗದ ಕೈ ಭಂಡಿಗಡಿಯ ಯಾರ ಜನಿವಾರದಲ್ಲೂ ಇಲ್ಲ.

ನೆಲಕ್ಕೆ ಕೂತು ಎಡಗಾಲಿನ ಬೆಳ್ಳಿ ಕಾಲುಂಗುರವನ್ನು ಎಳೆದಳು. ಸುಲಭಕ್ಕೆ ಬರಲಿಲ್ಲ, ಬೆರಳು ತರಚಿ ಬಂತು. ಎದ್ದು ನಿಂತು ಕೈ ಮುಗಿದಳು. ಹುಯಿಲನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಆಗುವುದಿಲ್ಲ, ಗಟ್ಟಿಯಾಗಿ ಹೇಳಬೇಕು.

"ಅಮ್ಮಾ, ನಿನ್ನ ಹೆಸರು ನಂಗೆ ಗೊತ್ತಿಲ್ಲ. ನನ್ನ ಭಾಷೆ ನಿಂಗೆ ತಿಳೀತದೋ ಇಲ್ವೋ, ಆದ್ರೂ ಕೇಳು. ನಾನು ಕೊಪ್ಪ ತಾಲೂಕು ಭಂಡಿಗಡಿಯ ಸುಬ್ಬಲಕ್ಷ್ಮಿ. ನನ್ನ ಗಂಡ..." ಮದುವೆಯಾದಂದಿನಿಂದ ಆ ಹೆಸರನ್ನು ಅವಳು ಬಾಯಲ್ಲಿ ಹೇಳಿದವಳಲ್ಲ. "ನನ್ನ ಗಂಡ ಸಚ್ಚಿದಾನಂದ. ಅವನ ಬಲಗೈ ಮೇಲೆ ಹುಯಿಲು ಇಡ್ತಿದೀನಿ. ಹತ್ತೊಂಬತ್ತು ವರ್ಷ ನನ್ನನ್ನ ಬಡಿದ ಕೈ. ಐದು ತಿಂಗಳ ಕೂಸನ್ನ ಹೊಟ್ಟೆಯಲ್ಲೇ ಗುದ್ದಿ ಕೊಂದ ಕೈ. ಆಮೇಲೆ ನಂಗೆ ಇನ್ನೊಂದು ನಿಲ್ಲಲಿಲ್ಲ. ನಿನ್ನ ತೊಡೆ ಮೇಲೆ ನಿನ್ನ ಮಗ ಇದ್ದಾನೆ, ನಿಂಗೆ ಗೊತ್ತಾಗ್ತದೆ. ಆ ಕೈ ಇನ್ನು ನನ್ನ ಮೇಲೆ ಏಳಬಾರ್ದು. ನೀನೇ ನೋಡ್ಕೋ."

ಕಾಲುಂಗುರವನ್ನು ಕಾಣಿಕೆ ಡಬ್ಬಿಯ ಸಂದಿಯಲ್ಲಿ ತೂರಿಸಿದಳು. ತಳಕ್ಕೆ ಬಿದ್ದ ಸದ್ದು ಕೇಳಿತು. ತಿರುಗಿದರೆ ಬಾಗಿಲಲ್ಲಿ ಅವನು ನಿಂತಿದ್ದ, ಅವನ ಹಿಂದೆ ಅವಳನ್ನು ಹುಡುಕಿಕೊಂಡು ಬಂದ ಸುಮಿತ್ರಮ್ಮ.

ಅವನು ಪೂರ್ತಿ ಕೇಳಿಸಿಕೊಂಡಿದ್ದ. ಮೂರೇ ಹೆಜ್ಜೆಯಲ್ಲಿ ಬಂದು ತುರುಬು ಹಿಡಿದು ಅವಳ ಹಣೆಯನ್ನು ಕಲ್ಲಿನ ಕಂಬಕ್ಕೆ ಅಪ್ಪಳಿಸಿದ. ಒಂದು ಸಲ, ಎರಡು ಸಲ. ಹಣೆ ಒಡೆದು ರಕ್ತ ಹುಬ್ಬಿನಿಂದ ಇಳಿದು ಕಣ್ಣಿಗೆ ಹರಿಯಿತು. ಹರಿವಾಣ ಮಗುಚಿ ಉರಿಯುವ ಬತ್ತಿಗಳು ಮರಳಿನ ಜೊತೆ ನೆಲಕ್ಕೆ ಚೆಲ್ಲಿದವು. "ಹಿಂದಕ್ಕೆ ತಗೋ! ತಗೋ ಅಂದೆ!" ಎಂದು ಅವಳನ್ನು ಅಲ್ಲೇ ಕೆಡವಿ, ತಾನು ಡಬ್ಬಿಯ ಹತ್ತಿರ ಓಡಿ ಸಂದಿಯೊಳಗೆ ಬೆರಳು ತುರುಕಿ ಕಾಲುಂಗುರಕ್ಕಾಗಿ ತಡಕಾಡಿದ. ಮುದುಕಿಗೆ ಅರ್ಥವಾದದ್ದು ಇಷ್ಟೇ: ಹೆಂಗಸಿನ ತಲೆ ಒಡೆದ ಒಬ್ಬ ರಾಕ್ಷಸ ಈಗ ಕಾಣಿಕೆ ಡಬ್ಬಿಗೆ ಕೈ ಹಾಕಿದ್ದಾನೆ. ಅವಳು ಪೊರಕೆ ತಿರುಗಿಸಿ ಹಿಡಿದು, ಅದರ ದಪ್ಪ ಹಿಡಿಯಿಂದ ಅವನ ಗೆಣ್ಣುಗಳ ಮೇಲೆ ಬೀಸಿ ಹೊಡೆದಳು. ಆಮೇಲೆ ಹೆಗಲ ಮೇಲೆ, ಬೆನ್ನಿನ ಮೇಲೆ, ತಲೆಯ ಮೇಲೆ. ಎಂಬತ್ತು ದಾಟಿದ ಮುದುಕಿ ಅವನನ್ನು ಹೊಸ್ತಿಲಿನ ಹೊರಗಿನವರೆಗೂ ಬಡಿದುಕೊಂಡು ಹೋದಳು. ನೆಲದಲ್ಲಿ ಬಿದ್ದಲ್ಲಿಂದಲೇ ಒಂದು ಕಣ್ಣಿನಲ್ಲಿ ಸುಬ್ಬಲಕ್ಷ್ಮಿ ಅದನ್ನು ನೋಡಿದಳು. ಅವಳಿಗೆ ಸಂತೋಷವಾಯಿತು. ಮುಚ್ಚಿಡುವುದೇಕೆ, ಮದುವೆಯಾದ ಮೇಲೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಸುಮಿತ್ರಮ್ಮ ಸೆರಗಿನಿಂದ ಅವಳ ಹಣೆಯನ್ನು ಒತ್ತಿ ಹಿಡಿದು ಬಸ್ಸಿಗೆ ಕರೆತಂದಳು. ಕೇಳಿದವರಿಗೆ ಸಚ್ಚಿದಾನಂದ, "ಚರ್ಚಲ್ಲಿ ಕಾಲು ಜಾರ್ತು" ಅಂದ. ಸುಮಿತ್ರಮ್ಮ ಅವನ ಮುಖ ನೋಡಿ, "ಕಾಲು ಜಾರಿದ್ದಲ್ಲ" ಎಂದಷ್ಟೇ ಅಂದಳು. ದಾರಿಯುದ್ದಕ್ಕೂ ಅವನು ಊದಿದ ಗೆಣ್ಣುಗಳನ್ನು ಸವರಿಕೊಳ್ಳುತ್ತ ಕೂತಿದ್ದ. ಕೊನೆಗೆ ತಡೆಯಲಾರದೆ ಲಿಂಗಪ್ಪನ ಕಡೆ ಬಾಗಿದ.

"ಲಿಂಗಪ್ಪ, ಕ್ರಿಶ್ಚಿಯನ್ನರ ದೇವರು ನಮ್ಮೋರಿಗೆ ತಟ್ಟೋದಿಲ್ಲ ಅಲ್ವ ಮಾರಾಯ?"

ನಡೆದದ್ದು ಗೊತ್ತಿಲ್ಲದ ಲಿಂಗಪ್ಪ ಸಹಜವಾಗಿ ಹೇಳಿದ. "ಯಾಕೆ ತಟ್ಟೋದಿಲ್ಲ ಭಟ್ರೇ? ಎನ್.ಆರ್.ಪುರದ ಕಡೆ ಚರ್ಚಿಗೆ ನಮ್ಮೋರೂ ಹರಕೆ ಹೊತ್ಕೊಂಡು ಹೋಗ್ತಾರಲ್ಲ. ಕೊಡೋ ದೇವರು ಜಾತಿ ಕೇಳೋದಿಲ್ಲ ಅಂದ್ಮೇಲೆ ಕಿತ್ಕೊಳ್ಳೋ ದೇವರು ಕೇಳ್ತದಾ?"

ರೂಮಿನ ಬಾಗಿಲು ಹಾಕಿದ ಮೇಲೆ ಅವನು ಅವಳನ್ನು ಒದ್ದ. ಪಕ್ಕೆಗೆ, ಸೊಂಟಕ್ಕೆ, ಫೋರ್ಕಿನ ಗಾಯವಾದ ತೊಡೆಗೇ ಗುರಿಯಿಟ್ಟು ಒದ್ದ. ಅವಳು ಮಂಚದ ಕಾಲಿಗೆ ಆತು ಮುದುಡಿಕೊಂಡಳು. ಅಷ್ಟರ ನಡುವೆಯೂ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಅವನು ಕಾಲಿನಿಂದ ಒದೆಯುತ್ತಿದ್ದನೇ ಹೊರತು ಬಲಗೈಯನ್ನು ಎತ್ತಲಿಲ್ಲ. ಬೆನ್ನ ಹಿಂದೆ ಮಡಚಿ ಇಟ್ಟುಕೊಂಡಿದ್ದ. ಇವನು ನಂಬಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

ಮರುದಿನ ಸಮುದ್ರ ಸ್ನಾನದ ಕಾರ್ಯಕ್ರಮ. ಉದ್ದಕ್ಕೆ ಬಿಳಿ ಮರಳು, ಛತ್ರಿಗಳ ಕೆಳಗೆ ಎಣ್ಣೆ ಹಚ್ಚಿಕೊಂಡು ಮಲಗಿದ ಬಿಳಿಯರು. ನಮ್ಮ ಡೀಲರುಗಳು ಸಮುದ್ರಕ್ಕಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದರು. ಸಚ್ಚಿದಾನಂದ ಮಾತ್ರ ನೋಡಲಿಲ್ಲ. ಅವನಿಗೆ ಸ್ನಾನದ ಆತುರ. ಉಪ್ಪುನೀರಿನಲ್ಲಿ ಮುಳುಗಿ ಎದ್ದರೆ ಅರ್ಧ ದೋಷ ಹೋಗುತ್ತದೆ ಎಂದು ಅವನ ಲೆಕ್ಕ. ಜನರಿಲ್ಲದ ಕಡೆ ಬೇಕೆಂದು ಬಂಡೆಗಳಿದ್ದ ಮೂಲೆಗೆ ಹೋಗಿ, ಜನಿವಾರ ಹಿಡಿದು ಮಂತ್ರ ಹೇಳುತ್ತ ಸೊಂಟದ ನೀರಿಗೆ ಇಳಿದ. ಮೂರನೆಯ ಮುಳುಕಿಗೆ ಅಲೆಯೊಂದು ತಳ್ಳಿತು. ಬೀಳದಿರಲು ಬಲಗೈಯನ್ನು ಬಂಡೆಗೆ ಊರಿದ.

ಅವನ ಅರಚಾಟಕ್ಕೆ ಮಲಗಿದ್ದ ಬಿಳಿಯರೆಲ್ಲ ಎದ್ದು ಕೂತರು. ಆ ಬಂಡೆಯ ಮೈತುಂಬ ಕಪ್ಪು ಮುಳ್ಳಿನ ಉಂಡೆಗಳಂಥ ಕಡಲಪ್ರಾಣಿಗಳು ಅಂಟಿಕೊಂಡಿದ್ದವು. ಅಂಗೈಯಲ್ಲೂ ಬೆರಳುಗಳಲ್ಲೂ ಮೂವತ್ತಕ್ಕಿಂತ ಹೆಚ್ಚು ಮುಳ್ಳುಗಳು ಬುಡದವರೆಗೆ ಇಳಿದು ಮುರಿದಿದ್ದವು. ಸಂಜೆಯ ಹೊತ್ತಿಗೆ ಕೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮಣಿಕಟ್ಟಿನ ತನಕ ಊದಿತು. ದ್ವೀಪದ ಡಾಕ್ಟರ್ ಇಕ್ಕಳದಿಂದ ಒಂದೊಂದೇ ಮುಳ್ಳು ಎಳೆಯುವಾಗ ಅವನು ಕೂಗಿದ ಕೂಗು ರಸ್ತೆಗೆ ಕೇಳುತ್ತಿತ್ತು. ನವರತ್ನದ ಉಂಗುರ ಮಾಂಸದಲ್ಲಿ ಹುಗಿದುಹೋಗಿದ್ದರಿಂದ ಅದನ್ನು ಕತ್ತರಿಸಿ ತೆಗೆದರು. ದಿನಾ ಹತ್ತು ಜನ ಹೀಗೆ ಬರುತ್ತಾರೆ, ವಾರದಲ್ಲಿ ಸರಿಯಾಗುತ್ತದೆ ಎಂದು ಡಾಕ್ಟರ್ ಅಂದದ್ದನ್ನು ಲಿಂಗಪ್ಪ ಎರಡೆರಡು ಸಲ ಬಿಡಿಸಿ ಹೇಳಿದ. ಅದು ಸಚ್ಚಿದಾನಂದನ ಕಿವಿಗೆ ಹೋಗಲಿಲ್ಲ. ಅವನು ಸುಬ್ಬಲಕ್ಷ್ಮಿಯನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಹೆದರಿಕೆಯಿತ್ತು. ಅವಳಿಗೂ ಒಂದು ಗಳಿಗೆ ಮೈ ಜುಮ್ಮೆಂದಿತು. ಮುಳ್ಳಿನದು ಮುಳ್ಳಿನ ಕೆಲಸ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೂ ಎಡಗೈ ಬಿಟ್ಟು ಬಲಗೈಯೇ ಯಾಕೆ?

ಕೊನೆಯ ದಿನ ಹಡಗು ಮಧ್ಯಾಹ್ನಕ್ಕೆ. ಬೆಳಗಾಗುತ್ತಲೇ ಅವನು ಟ್ಯಾಕ್ಸಿ ಕರೆಸಿದ.

"ನಡಿ. ಅಲ್ಲಿಗೇ ಹೋಗ್ಬೇಕು. ಹಡಗು ಹತ್ತಿದ್ಮೇಲೆ ಇನ್ನು ಈ ಜನ್ಮದಲ್ಲಿ ಇಲ್ಲಿಗೆ ಬರಕ್ಕಾಗೋದಿಲ್ಲ. ಇಡೀ ಜೀವಮಾನ ನಾನು ಈ ಕೈ ಹೊತ್ಕೊಂಡಿರ್ಲಾ?"

ಸುಮಿತ್ರಮ್ಮ ಯಾರನ್ನೂ ಕೇಳದೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ಅವನು ಹಣ್ಣು ಕೊಂಡ, ಮೇಣದ ಬತ್ತಿ ಕೊಂಡ, ತೆಂಗಿನಕಾಯಿ ಎಲ್ಲಿಯೂ ಸಿಗಲಿಲ್ಲವೆಂದು ಗೊಣಗಿದ. ಕತ್ತರಿಸಿದ ಉಂಗುರವನ್ನು ತಪ್ಪುಕಾಣಿಕೆಗೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದ. ಹಳ್ಳಿ ಹತ್ತಿರವಾದ ಹಾಗೆ ಅವನ ದನಿ ಮೆತ್ತಗಾಯಿತು.

"ನೋಡೇ, ಆಗಿದ್ದು ಆಗಿಹೋಯ್ತು. ನಾನೂ ಮನುಷ್ಯ, ಸಿಟ್ಟು ಬರ್ತದೆ. ನೀನು ಹಿಂದಕ್ಕೆ ತಗೊಂಡೆ ಅಂತ ಒಂದು ಮಾತು ಹೇಳಿಬಿಡು. ಇನ್ನು ಹೊಡೆಯೋದಿಲ್ಲ. ಶಾರದಾಂಬೆ ಆಣೆ."

ಸುಳ್ಳೇಕೆ, ಸುಬ್ಬಲಕ್ಷ್ಮಿಯ ಮನಸ್ಸು ಒಂದಿಷ್ಟು ಕರಗಿತ್ತು. ಪಟ್ಟಿ ಸುತ್ತಿದ ಕೈಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಕೂತವನನ್ನು ನೋಡಿದರೆ ಹೇಳಿಬಿಡೋಣ ಎನ್ನಿಸುತ್ತಿತ್ತು. ಹೇಳಿದರೆ ಇವನು ಋಣಕ್ಕಾದರೂ ಬದಲಾಗಬಹುದು. ಹೇಳದಿದ್ದರೆ ಊರಿಗೆ ಹೋದ ಮೇಲೆ ಕೊಂದೇ ಹಾಕಬಹುದು. ಚರ್ಚಿನ ಮೆಟ್ಟಿಲು ಹತ್ತುವ ತನಕವೂ ಅವಳು ಹೇಳುವವಳೇ ಇದ್ದಳು.

ಒಳಗೆ ಅದೇ ಮುದುಕಿ ಇದ್ದಳು. ಅವನನ್ನು ಕಂಡು ಪೊರಕೆಗೆ ಕೈ ಹಾಕಿದಳು. ಸುಮಿತ್ರಮ್ಮ ಕೈ ಮುಗಿದು ತಡೆದು ನಿಲ್ಲಿಸಿದಳು. ಸಚ್ಚಿದಾನಂದ ಹಣ್ಣನ್ನು ಇಟ್ಟು, ಉಂಗುರವನ್ನು ಡಬ್ಬಿಗೆ ಹಾಕಿ, ಉದ್ದಕ್ಕೆ ಅಡ್ಡಬಿದ್ದ. "ತಾಯಿ, ತಪ್ಪಾಯ್ತು" ಅಂದ. ಎದ್ದು ನಿಂತು ಸುಬ್ಬಲಕ್ಷ್ಮಿಯ ಕಡೆ ತಿರುಗಿದ.

"ಹ್ಞೂಂ. ಹೇಳು."

ಅವಳು ಪಟದ ಕಡೆ ನೋಡಿದಳು. ತಾಯಿಯ ತೊಡೆಯ ಮೇಲಿನ ಕೂಸು ಅವಳನ್ನೇ ನೋಡುತ್ತಿತ್ತು. ಇವನು ದೇವರಿಗೆ ತಪ್ಪಾಯ್ತು ಅಂದ. ಹೊಟ್ಟೆಯಲ್ಲೇ ಸತ್ತ ಆ ಕೂಸಿಗೆ ಅನ್ನಲಿಲ್ಲ. ತನಗೂ ಅನ್ನಲಿಲ್ಲ. ಬಾಯಿ ತೆರೆಯಲು ಅವಳಿಗೆ ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು, ಅಷ್ಟೇ. ಅಷ್ಟನ್ನೂ ಅವನಿಗೆ ಕಾಯಲಾಗಲಿಲ್ಲ.

"ಹೇಳ್ತೀಯೋ ಇಲ್ವೋ ರಂಡೆ!" ಎಂದು ಎಡಗೈಯಿಂದ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಹೆಬ್ಬೆರಳು ಗಂಟಲಿನ ಗುಳಿಗೆ ಇಳಿಯಿತು. ಸುಬ್ಬಲಕ್ಷ್ಮಿಗೆ ಕಣ್ಣು ಕತ್ತಲಿಟ್ಟಿತು. ಸುಮಿತ್ರಮ್ಮ ಕೂಗುತ್ತ ಅವನ ತೋಳಿಗೆ ಜೋತುಬಿದ್ದಳು. ಮುದುಕಿಯ ಪೊರಕೆ ಅವನ ಬೆನ್ನಿನ ಮೇಲೆ ಬೀಳುತ್ತಿತ್ತು. ಅವನು ಬಿಡಲಿಲ್ಲ. "ಹೇಳು, ಹಿಂದಕ್ಕೆ ತಗೊಂಡೆ ಅಂತ ಹೇಳು!" ಹೇಳಿಸಬೇಕಾದರೆ ಗಂಟಲನ್ನು ಸಡಿಲ ಬಿಡಬೇಕು ಎನ್ನುವಷ್ಟು ಬುದ್ಧಿ ಬಂದು, ಹಿಡಿತವನ್ನು ಒಂದಿಷ್ಟು ಸಡಿಲಿಸಿದ.

ಅವಳು ಉಸಿರೆಳೆದುಕೊಂಡಳು. ಕೆಮ್ಮಿದಳು. ಬಲಗಾಲನ್ನು ಮೇಲೆತ್ತಿ, ಗೋಡೆಗೆ ಆತು ನಿಂತೇ, ಉಳಿದಿದ್ದ ಕಾಲುಂಗುರವನ್ನು ಎಳೆದು ತೆಗೆದಳು.

"ಅಮ್ಮಾ, ಮೊನ್ನೆ ಬಲಗೈ ಅಂತ ಮಾತ್ರ ಹೇಳಿದ್ದೆ, ನನ್ನ ತಪ್ಪು. ಅವತ್ತೇ ಹೋಗಿ ಕಾಲಲ್ಲಿ ಒದ್ದ. ಈಗ ನಿನ್ನೆದುರೇ ಎಡಗೈಲಿ ಕುತ್ತಿಗೆ ಹಿಡಿದಿದ್ದಾನೆ, ನೀನೇ ನೋಡ್ತಿದೀಯ. ಸಚ್ಚಿದಾನಂದನ ಎಡಗೈಯನ್ನೂ ಸೇರಿಸ್ಕೋ. ಎರಡು ಕಾಲನ್ನೂ ಸೇರಿಸ್ಕೋ."

ಬೆಂಕಿ ಮುಟ್ಟಿದವನ ಹಾಗೆ ಅವನ ಕೈ ಅವಳ ಕುತ್ತಿಗೆಯಿಂದ ಹಾರಿತು. ಅವಳು ನಡೆದುಹೋಗಿ ಕಾಲುಂಗುರವನ್ನು ಡಬ್ಬಿಗೆ ಹಾಕಿದಳು. ಅವನು ಅಡ್ಡ ಬರಲಿಲ್ಲ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಒಂದನ್ನು ಬಿಟ್ಟು ಒಂದನ್ನು ನೋಡುತ್ತ ನಿಂತಿದ್ದ. ಕಾಲು ಕದಲಿಸಲೂ ಧೈರ್ಯವಿರಲಿಲ್ಲ. ಪೊರಕೆ ಹಿಡಿದ ಮುದುಕಿಯೂ ಹೊಡೆಯುವುದನ್ನು ನಿಲ್ಲಿಸಿದಳು.

ಸುಬ್ಬಲಕ್ಷ್ಮಿ ಸುಮಿತ್ರಮ್ಮನ ಕೈ ಹಿಡಿದು ಬಾಗಿಲಿಗೆ ಬಂದಳು. ಹಿಂದಿನಿಂದ ಅವನ ಉಸಿರು ಏರುವುದು ಕೇಳಿಸಿತು. ಅವಳ ಹೆತ್ತವರಿಂದ ಹಿಡಿದು ಬೈಯಲು ಅವನು ಬಾಯಿ ತೆರೆದಿದ್ದ.

"ಬಾಯಿ ಒಂದು ಉಳಿದಿದೆ," ಅಂದಳು ಅವಳು, ತಿರುಗದೆ. "ಅದನ್ನಾದ್ರೂ ಜೋಪಾನ ಮಾಡ್ಕೊಳ್ಳಿ."

ಅವನು ಬಾಯಿ ಮುಚ್ಚಿದ.